ಟ್ರೇಲರ್ ಎಳೆಯುವ ಟ್ರಕ್‌ನ ಗೇರ್‌ಬಾಕ್ಸ್ ಬಿಸಿ: ದೋಷ ಹುಡುಕುವ ಬಗೆ

"ಅಣ್ಣಾ, ಗೇರ್‌ಬಾಕ್ಸ್ ಬಿಸಿಯ ಮೀಟರ್ 277 ಡಿಗ್ರಿ ತೋರಿಸ್ತಾ ಇದೆ. ಇಂಜಿನ್ ಆಫ್ ಮಾಡ್ಲಾ?"

ಫೋನ್ ಬಂದದ್ದು ಅಮೆರಿಕದ ಕೊಲರಾಡೊದಲ್ಲಿ ಐ-70 ಹೆದ್ದಾರಿಯ ಬದಿಯಿಂದ. ಸಿಲ್ವರ್‌ಥಾರ್ನ್ ಊರು ಬಿಟ್ಟು ಪೂರ್ವಕ್ಕೆ, ಡೆನ್ವರ್ ಕಡೆಗೆ ಹೊರಟರೆ ಐಸೆನ್‌ಹೋವರ್ ಸುರಂಗದ ಬಾಯಿಯವರೆಗೆ ಸುಮಾರು 8 ಮೈಲಿ ಒಂದೇ ಸಮನೆ ಏರು. ಅತಿ ಕಡಿದಾದ ಕಡೆ ನೂರು ಅಡಿ ಮುಂದೆ ಹೋದರೆ ಏಳು ಅಡಿ ಮೇಲೆ ಹೋದಂತೆ. ಸುರಂಗದೊಳಗಿನ ಅತಿ ಎತ್ತರದ ಜಾಗ ಸಮುದ್ರಮಟ್ಟದಿಂದ 11,158 ಅಡಿ. ಫೋನ್ ಮಾಡಿದ ಗೆಳೆಯ ದಾವಣಗೆರೆಯವನು, ಇಲ್ಲಿ ಮಣ್ಣು ಅಗೆದು ಜಾಗ ಸಮ ಮಾಡಿಕೊಡುವ ಗುತ್ತಿಗೆ ಹಿಡಿಯುತ್ತಾನೆ. ಟ್ರಕ್ ಆರನೇ ವರ್ಗದ್ದು, ಅಂದರೆ ಇಲ್ಲಿಯ ಲೆಕ್ಕದಲ್ಲಿ ಭಾರ ತುಂಬಿದ ಟ್ರಕ್ಕಿನ ತೂಕದ ಮಿತಿ 19,501ರಿಂದ 26,000 ಪೌಂಡ್ ಒಳಗಿನದು. 6.7 ಲೀಟರ್ ಡೀಸೆಲ್ ಇಂಜಿನ್, ಆಲಿಸನ್ ಕಂಪನಿಯ 2000 ಸರಣಿಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಹಿಂದಿನ ಟ್ರೇಲರ್‌ನಲ್ಲಿ ಮಣ್ಣು ತೆಗೆಯುವ ಸಣ್ಣ ಯಂತ್ರ. ಟ್ರಕ್ಕೂ ಟ್ರೇಲರೂ ಸೇರಿ ವೇಬ್ರಿಜ್ ಚೀಟಿಯಲ್ಲಿ 25,600 ಪೌಂಡ್, ಅಂದರೆ 11.6 ಟನ್.

"ಆಫ್ ಮಾಡ್ಬೇಡ ಕಣೋ. ಬದಿಗೆ ನಿಲ್ಲಿಸಿದ್ದೀಯ ತಾನೆ? ನ್ಯೂಟ್ರಲ್‌ಗೆ ಹಾಕು, ಹ್ಯಾಂಡ್‌ಬ್ರೇಕ್ ಹಾಕು, ಆಕ್ಸಿಲರೇಟರ್ ಒತ್ತಿ 1,200 ಆರ್‌ಪಿಎಂ ಮೇಲೆ ಹಿಡಿದಿರು. ಎರಡು ಮೂರು ನಿಮಿಷದಲ್ಲಿ ಇಳಿಯುತ್ತಾ ನೋಡಿ ಹೇಳು."

ಆ ಮೂರು ನಿಮಿಷ ಮುಖ್ಯ. ಇಂಜಿನ್ ನಿಲ್ಲಿಸಿದರೆ ಗೇರ್‌ಬಾಕ್ಸಿನ ಪಂಪೂ ನಿಲ್ಲುತ್ತದೆ, ಫ್ಯಾನೂ ನಿಲ್ಲುತ್ತದೆ. ಕಾದ ಎಣ್ಣೆ ಕಾದ ಕಬ್ಬಿಣದ ನಡುವೆ ಸುಮ್ಮನೆ ಕೂತು ಬೇಯುತ್ತದೆ. ನ್ಯೂಟ್ರಲ್‌ನಲ್ಲಿ 1,200ರಿಂದ 1,500 ಆರ್‌ಪಿಎಂನಲ್ಲಿ ಓಡಿಸಿದರೆ ಹೊಸ ಬಿಸಿ ಹುಟ್ಟುವುದಿಲ್ಲ, ಇದ್ದ ಬಿಸಿ ಕೂಲರ್ ಮೂಲಕ ಹೊರಹೋಗುತ್ತದೆ. ಹೀಗೆ ಮಾಡಿಯೂ ಇಳಿಯದಿದ್ದರೆ ಮುಂದೆ ಓಡಿಸಬಾರದು, ಟೋ ಗಾಡಿ ಕರೆಯಬೇಕು. ಅವನದು ಇಳಿಯಿತು. ಆಗ ನಾನು ಕೇಳಿದ ಪ್ರಶ್ನೆ ಒಂದೇ.

"ಈ 277 ಯಾವ ಜಾಗದ್ದು? ಕೆಳಗಿನ ಪ್ಯಾನಿನದೋ, ಕೂಲರ್‌ಗೆ ಹೋಗೋ ಪೈಪಿನದೋ?"

"ಅದು ಗೊತ್ತಿಲ್ಲ ಅಣ್ಣಾ. ಹಳೇ ಮಾಲೀಕರು ಹಾಕಿಸಿದ ಮೀಟರ್."

ನಾನು ಡೆನ್ವರ್ ಸುತ್ತ ಮಧ್ಯಮ ತೂಕದ ಟ್ರಕ್‌ಗಳ ರಿಪೇರಿ ಮಾಡುವವನು. ಗೇರ್‌ಬಾಕ್ಸ್ ಬಿಸಿ ಎಂದು ಬರುವ ಗಾಡಿಗಳಲ್ಲಿ ಬಹುಪಾಲು ಮಾಲೀಕರಿಗೆ ಈ ಪ್ರಶ್ನೆಗೆ ಉತ್ತರ ಗೊತ್ತಿರುವುದಿಲ್ಲ. ಉತ್ತರ ಗೊತ್ತಿಲ್ಲದೆ ಸಾವಿರಾರು ಡಾಲರ್ ಕೊಟ್ಟು ಗೇರ್‌ಬಾಕ್ಸ್ ಬಿಚ್ಚಿಸಿಕೊಂಡವರನ್ನು ಕಂಡು ನನಗೆ ಸಂಕಟವಾಗಿದೆ. ಆದ್ದರಿಂದ ಈ ಒಂದು ಟ್ರಕ್ಕಿನ ದೋಷವನ್ನು ಹುಡುಕಿದ ದಾರಿಯನ್ನು ಇದ್ದದ್ದು ಇದ್ದಂತೆ ಬರೆಯುತ್ತಿದ್ದೇನೆ.

ಅಂಕಿ ಒಂದೇ, ಅರ್ಥ ಎರಡು

ಮನೆಯ ನೀರಿನ ಸಂಪ್ ಇದ್ದಂತೆ ಗೇರ್‌ಬಾಕ್ಸಿಗೂ ಕೆಳಗೆ ಒಂದು ಸಂಪ್ ಇದೆ, ಎಣ್ಣೆ ಬಂದು ಸೇರುವ ಪ್ಯಾನ್. ಪಂಪ್ ಅಲ್ಲಿಂದ ಎಣ್ಣೆ ಎತ್ತಿ, ಇಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರುಗಳಿಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ಗೆ ಕೊಡುತ್ತದೆ. ಕನ್ವರ್ಟರ್‌ನಿಂದ ಹೊರಬಂದ ಎಣ್ಣೆ ಕೂಲರ್‌ಗೆ ಹೋಗಿ, ತಣಿದು, ಕೀಲುಗಳಿಗೆ ಜಿಡ್ಡು ಕೊಟ್ಟು ಮತ್ತೆ ಸಂಪಿಗೆ ಇಳಿಯುತ್ತದೆ. ಈ ಸುತ್ತಿನಲ್ಲಿ ಅತಿ ಬಿಸಿ ಇರುವ ಜಾಗ ಕನ್ವರ್ಟರ್‌ನಿಂದ ಕೂಲರ್‌ಗೆ ಹೋಗುವ ಪೈಪ್. ಅತಿ ತಂಪು ಇರುವುದು ಕೂಲರ್‌ನಿಂದ ಮರಳುವ ಪೈಪ್. ಸಂಪ್ ನಡುವಿನದು.

ಆಲಿಸನ್ 1000 ಮತ್ತು 2000 ಸರಣಿಗೆ ಸಂಪಿನ ಸಾಮಾನ್ಯ ಬಿಸಿ 160ರಿಂದ 200 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 71ರಿಂದ 93 ಸೆಲ್ಸಿಯಸ್. ಸೆಲ್ಸಿಯಸ್ ಎಂದು ಹೇಳದ ಕಡೆಯೆಲ್ಲ ಡಿಗ್ರಿ ಎಂದರೆ ಫ್ಯಾರನ್‌ಹೀಟ್. ಸಂಪ್ 250 (121 ಸೆಲ್ಸಿಯಸ್) ದಾಟಿದರೆ ಅಥವಾ ಕೂಲರ್‌ಗೆ ಹೋಗುವ ಪೈಪ್ 300 (149 ಸೆಲ್ಸಿಯಸ್) ದಾಟಿದರೆ ಗೇರ್‌ಬಾಕ್ಸ್ ಅತಿಯಾಗಿ ಕಾದಿದೆ ಎಂದು ಲೆಕ್ಕ. ಈಗ ಗೆಳೆಯನ 277 ನೋಡಿ. ಪೈಪಿನದಾದರೆ ಮಿತಿಯೊಳಗೆ ಇದೆ, ಏರಿನಲ್ಲಿ ನಿಧಾನ ಹೋಗುವಾಗ ಸ್ವಲ್ಪ ಹೊತ್ತು ಬಂದುಹೋಗುವ ಅಂಕಿ. ಸಂಪಿನದಾದರೆ ಮಿತಿ ದಾಟಿ 27 ಡಿಗ್ರಿ ಮೇಲಿದೆ, ಎಣ್ಣೆ ಸುಡುತ್ತಿದೆ ಎಂದರ್ಥ. ಮೀಟರ್ ಮೇಲೆ ಎರಡೂ ಒಂದೇ ಥರ ಕಾಣುತ್ತವೆ.

ಹಾಗಾಗಿ ಮೊದಲ ಕೆಲಸ ಟ್ರಕ್ ಕೆಳಗೆ ಮಲಗಿ ಆ ಮೀಟರಿನ ವೈರ್ ಎಲ್ಲಿಗೆ ಹೋಗಿದೆ ಎಂದು ಕೈಯಿಂದ ಹಿಡಿದು ನೋಡುವುದು. ಚಕ್ರಕ್ಕೆ ಅಡ್ಡಗಟ್ಟೆ ಇಡಿ, ಗೇರ್‌ಬಾಕ್ಸ್ ಆರಿರಲಿ. ನಮ್ಮದು ಪೈಪಿಗೆ ಹಾಕಿದ ಟಿ ಜೋಡಣೆಯಲ್ಲಿ ಕೂತಿತ್ತು. ಗೇರ್‌ಬಾಕ್ಸಿನ ಸ್ವಂತ ಸೆನ್ಸರ್ ಬೇರೆ. ಅದು ಒಳಗೆ, ಎಣ್ಣೆಯ ಒತ್ತಡ ಹಂಚುವ ವಾಲ್ವ್ ಬಾಡಿಯ ಹತ್ತಿರ ಇದ್ದು ಸಂಪಿನ ಬಿಸಿಯನ್ನು ಕಂಪ್ಯೂಟರ್‌ಗೆ ಹೇಳುತ್ತಿರುತ್ತದೆ.

ಆ ಅಂಕಿಯನ್ನು ನೋಡಲು ಹೊಸ ಸೆನ್ಸರ್ ಹಾಕಬೇಕಿಲ್ಲ. ಈ ಟ್ರಕ್‌ಗಳ ಸ್ಟೀರಿಂಗ್ ಕೆಳಗೆ ಒಂಬತ್ತು ಪಿನ್ನಿನ ದುಂಡನೆಯ ಕನೆಕ್ಟರ್ ಇರುತ್ತದೆ. ಜೆ1939 ಎಂಬ ಸಂವಹನ ಪದ್ಧತಿಯಲ್ಲಿ ಗೇರ್‌ಬಾಕ್ಸ್ ಎಣ್ಣೆಯ ಬಿಸಿಗೆ ಎಸ್‌ಪಿಎನ್ 177 ಎಂಬ ಗುರುತು ಇದೆ. ಸಂದೇಶದ ಸಂಖ್ಯೆ 65272. ಜೆ1939 ಓದಬಲ್ಲ ಸಣ್ಣ ರೀಡರ್ ಹಾಕಿ ಈ ಅಂಕಿಯನ್ನು ಫೋನಿನಲ್ಲೋ ಡ್ಯಾಶ್ ಮೇಲಿನ ಪರದೆಯಲ್ಲೋ ಇಟ್ಟುಕೊಳ್ಳಬಹುದು. ಕಾರಿಗೆ ಮಾಡಿದ ಅಗ್ಗದ ರೀಡರ್ ಇಲ್ಲಿ ನಡೆಯುವುದಿಲ್ಲ, ಕೊಳ್ಳುವ ಮುನ್ನ ಕೇಳಿಕೊಳ್ಳಿ. ಟ್ರೇಲರ್ ಎಳೆಯುವವರು ಸಂಪ್ ಮತ್ತು ಪೈಪ್ ಎರಡನ್ನೂ ನೋಡುತ್ತಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪೈಪ್ ಈ ಕ್ಷಣ ಏನಾಗುತ್ತಿದೆ ಎನ್ನುತ್ತದೆ, ಸಂಪ್ ಇಷ್ಟು ಹೊತ್ತು ಏನಾಯಿತು ಎನ್ನುತ್ತದೆ.

ಅಂಕಿ ನಿಜವೇ?

ಖರ್ಚಿಲ್ಲದ ಪರೀಕ್ಷೆ ಬೆಳಗಿನ ಜಾವದ್ದು. ರಾತ್ರಿಯಿಡೀ ನಿಂತ ಟ್ರಕ್ಕಿನ ಕೀ ತಿರುಗಿಸಿ, ಇಂಜಿನ್ ಚಾಲೂ ಮಾಡದೆ ನೋಡಿ. ಗೇರ್‌ಬಾಕ್ಸ್ ಎಣ್ಣೆ, ಇಂಜಿನ್ ಕೂಲಂಟ್, ಹೊರಗಿನ ಗಾಳಿ ಮೂರೂ ಹತ್ತಿರ ಹತ್ತಿರ ಇರಬೇಕು. ಐದಾರು ಡಿಗ್ರಿ ಹೆಚ್ಚುಕಡಿಮೆ ಇದ್ದರೆ ಚಿಂತೆಯಿಲ್ಲ. ಎರಡು ಸರಿಯಿದ್ದು ಒಂದು ಮಾತ್ರ 30 ಡಿಗ್ರಿ ಆಚೆ ಇದ್ದರೆ ಆ ಸೆನ್ಸರನ್ನೋ ಅದರ ವೈರನ್ನೋ ನಂಬಬೇಡಿ. ಇಂಜಿನ್ ಬ್ಲಾಕ್ ಹೀಟರ್ ಹಾಕಿದ್ದರೆ ಮಾತ್ರ ಕೂಲಂಟ್ ಮೇಲಿರುತ್ತದೆ, ಅದನ್ನು ನೆನಪಿಡಿ.

ಎಣ್ಣೆ ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ 40 ಡಿಗ್ರಿ ಏರಿ ಇಳಿಯುವ ಅಂಕಿ ಎಣ್ಣೆಯದಲ್ಲ, ವೈರಿಂಗಿನದು. ಒಳಗಿನ ಸೆನ್ಸರ್ ಬಿಸಿ ಏರಿದಂತೆ ರೋಧ ಕಡಿಮೆಯಾಗುವ ಜಾತಿಯದು. ವೈರ್ ತುಂಡಾದರೆ ಕಂಪ್ಯೂಟರ್ ಅದನ್ನು ಕೊರೆಯುವ ಚಳಿ ಎಂದು ಓದುತ್ತದೆ, ಪಿ0713 ಎಂಬ ದೋಷದ ಕೋಡ್ ಬರುತ್ತದೆ. ವೈರ್ ಉಜ್ಜಿ ಬಾಡಿಗೆ ತಗುಲಿದರೆ ಉರಿಬಿಸಿ ಎಂದು ಓದುತ್ತದೆ, ಪಿ0712 ಬರುತ್ತದೆ. ಅಂಕಿ ಅಲುಗದೆ ಒಂದೇ ಕಡೆ ನಿಂತರೆ ಅಥವಾ ನಂಬಲಾಗದಂತೆ ಕುಣಿದರೆ ಪಿ0711. ಇವು ಮೂರೂ ಸೆನ್ಸರ್ ದಾರಿಯ ದೂರು. ಪಿ0218 ಮಾತ್ರ ಗೇರ್‌ಬಾಕ್ಸ್ ಕಾದಿದೆ ಎಂಬ ದೂರು. ನಮ್ಮ ಟ್ರಕ್ಕಿನಲ್ಲಿ ಈ ನಾಲ್ಕರಲ್ಲಿ ಯಾವುದೂ ಇರಲಿಲ್ಲ.

ಹಾಕಿಸಿದ ಮೀಟರಿಗೆ ಮಾತ್ರ ಒಂದು ಕಾಯಿಲೆ ಇತ್ತು. ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು 12 ಡಿಗ್ರಿ ಮೇಲೆ ಹೋಗುತ್ತಿತ್ತು, ಆರಿಸಿದರೆ ಇಳಿಯುತ್ತಿತ್ತು. ದೀಪ ಹಾಕಿದರೆ ಎಣ್ಣೆ ಕಾಯುವುದಿಲ್ಲ. ಮೀಟರಿನ ಅರ್ಥ್ ವೈರನ್ನು ದೀಪಗಳ ಅರ್ಥ್ ಇದ್ದ, ಬಣ್ಣ ಬಳಿದ ಬೋಲ್ಟಿಗೇ ಕಟ್ಟಿದ್ದರು. ಮಲ್ಟಿಮೀಟರನ್ನು ವೋಲ್ಟ್‌ಗೆ ಇಟ್ಟು, ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಮೀಟರಿನ ಅರ್ಥ್ ಪಿನ್ನಿಗೆ ಹಿಡಿದು, ದೀಪ ಹಾಕಿ ನೋಡಿದರೆ ಇದು ತಕ್ಷಣ ಸಿಕ್ಕಿಬೀಳುತ್ತದೆ. ಅಲ್ಲಿ ವೋಲ್ಟ್ ಸೊನ್ನೆಗೆ ಹತ್ತಿರ ಇರಬೇಕು. ಸುರಂಗ ದಾರಿಯಲ್ಲಿ ದೀಪ ಹಾಕಿಯೇ ಇರುತ್ತೇವಾದ್ದರಿಂದ ಆ 277ರಲ್ಲಿ 12 ಸುಳ್ಳು. ಸೆನ್ಸರಿನ ತಿರುಪಿಗೆ ದಪ್ಪಗೆ ಟೆಫ್ಲಾನ್ ಟೇಪ್ ಸುತ್ತುವವರೂ ಇದ್ದಾರೆ. ಒಂದೇ ವೈರಿನ ಸೆನ್ಸರ್ ತನ್ನ ಮೈಯಿಂದಲೇ ಅರ್ಥ್ ಪಡೆಯುತ್ತದೆ. ಟೇಪ್ ಅದನ್ನು ತಡೆದರೆ ರೋಧ ಹೆಚ್ಚಾಗಿ, ಇರುವುದಕ್ಕಿಂತ ತಂಪು ತೋರಿಸುತ್ತದೆ. ಹೆಚ್ಚು ತೋರಿಸುವ ಮೀಟರ್ ನಿಮ್ಮನ್ನು ಹೆದರಿಸುತ್ತದಷ್ಟೆ, ಕಡಿಮೆ ತೋರಿಸುವುದು ಗೇರ್‌ಬಾಕ್ಸನ್ನೇ ತಿನ್ನುತ್ತದೆ.

ಸೆನ್ಸರ್ ಬಿಚ್ಚಿ ಪರೀಕ್ಷಿಸುವುದಾದರೆ ಮಂಜುಗಡ್ಡೆ ಕರಗುತ್ತಿರುವ ನೀರಿನಲ್ಲಿ ಒಮ್ಮೆ, ಕುದಿಯುವ ನೀರಿನಲ್ಲಿ ಒಮ್ಮೆ ಅದ್ದಿ ರೋಧ ಅಳೆದು, ಸೆನ್ಸರಿನ ಜೊತೆ ಬರುವ ಪಟ್ಟಿಗೆ ಹೋಲಿಸಿ. ಡೆನ್ವರ್‌ನಂಥ 5,280 ಅಡಿ ಎತ್ತರದ ಊರಿನಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುವುದಿಲ್ಲ, ಸುಮಾರು 95ಕ್ಕೇ ಕುದಿಯುತ್ತದೆ. ಇದನ್ನು ಮರೆತರೆ ಒಳ್ಳೆಯ ಸೆನ್ಸರ್ ಕೆಟ್ಟಿದೆ ಎಂದು ಬಿಸಾಡುತ್ತೀರಿ. ಬಿಚ್ಚಲು ಮನಸ್ಸಿಲ್ಲದವರು ಇನ್‌ಫ್ರಾರೆಡ್ ಥರ್ಮಾಮೀಟರ್ ಬಳಸಬಹುದು. ಆದರೆ ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಬಹಳ ಕಡಿಮೆ ತೋರಿಸುತ್ತದೆ. ಪ್ಯಾನಿನ ಮೇಲೆ ಮಂಕು ಕಪ್ಪು ಬಣ್ಣದ ಬೊಟ್ಟು ಇಟ್ಟು, ಅದಕ್ಕೇ ಗುರಿಯಿಡಿ.

ಬಿಸಿ ಹುಟ್ಟುವುದು ಎಲ್ಲಿ

ಶಿರಾಡಿ, ಚಾರ್ಮಾಡಿ ಘಟ್ಟ ಏರಿಸಿದ ಲಾರಿ ಡ್ರೈವರ್‌ಗೆ ಕ್ಲಚ್ ಸುಟ್ಟ ವಾಸನೆ ಮೂಗಿಗೇ ಬಂದು ಹೇಳುತ್ತದೆ. ಗೆಳೆಯನ ಅಪ್ಪ ಲಾರಿ ಓಡಿಸಿದವರು, ಅವನಿಗೂ ಆ ವಾಸನೆಯ ಗುರುತಿದೆ. ಆಟೊಮ್ಯಾಟಿಕ್‌ನಲ್ಲಿ ಆ ಕೆಲಸ ಎಣ್ಣೆಯೊಳಗೆ, ಮುಚ್ಚಿದ ಡಬ್ಬಿಯಲ್ಲಿ ನಡೆಯುತ್ತದೆ. ಕ್ಯಾಬಿನ್‌ಗೆ ವಾಸನೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಮೀಟರ್ ಇಲ್ಲದೆ ಬೇರೆ ದಾರಿ ಇಲ್ಲ.

ಟಾರ್ಕ್ ಕನ್ವರ್ಟರ್ ಲಾಕ್ ಆಗದೆ ಇರುವಾಗ ಇಂಜಿನ್ನಿನ ಬಲ ಎಣ್ಣೆಯ ಹೊಡೆತದ ಮೂಲಕ ದಾಟುತ್ತದೆ, ಒಂದಷ್ಟು ಜಾರಿ ಬಿಸಿಯಾಗಿ ಉಳಿಯುತ್ತದೆ. ಏರಿನಲ್ಲಿ ಇಂಜಿನ್ 200 ಅಶ್ವಶಕ್ತಿ, ಅಂದರೆ 150 ಕಿಲೋವ್ಯಾಟ್ ಕೊಡುತ್ತಿದೆ, ಕನ್ವರ್ಟರ್ 80 ಪ್ರತಿಶತ ದಾಟಿಸುತ್ತಿದೆ ಎನ್ನಿ. ಉಳಿದ 30 ಕಿಲೋವ್ಯಾಟ್ ಎಣ್ಣೆಗೆ. ನಮ್ಮ ಬಚ್ಚಲುಮನೆಯ 2 ಕಿಲೋವ್ಯಾಟ್ ಗೀಸರ್ ಹದಿನೈದನ್ನು ಒಟ್ಟಿಗೆ ಆ ಎಣ್ಣೆಯಲ್ಲಿ ಮುಳುಗಿಸಿದಂತೆ. ಎಣ್ಣೆ 12 ಲೀಟರ್ ಇದ್ದರೆ, ಕೂಲರ್ ಕೆಲಸ ಮಾಡದಿದ್ದಲ್ಲಿ ಸೆಕೆಂಡಿಗೆ ಒಂದು ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಏರುತ್ತದೆ. ಕನ್ವರ್ಟರ್ ಲಾಕ್ ಆದ ಕೂಡಲೇ, ಅಂದರೆ ಒಳಗಿನ ಕ್ಲಚ್ ಅದರ ಎರಡೂ ಬದಿಯನ್ನು ನೇರವಾಗಿ ಬಿಗಿದ ಕೂಡಲೇ, ಜಾರುವಿಕೆ ನಿಂತು ಆ ಗೀಸರ್‌ಗಳೆಲ್ಲ ಆರಿದಂತಾಗುತ್ತದೆ. ಆದ್ದರಿಂದ ಬಿಸಿಯ ಅಂಕಿಯ ಪಕ್ಕದಲ್ಲಿ ಲಾಕಪ್ ಇತ್ತೋ ಇಲ್ಲವೋ ಎಂದು ಬರೆಯದಿದ್ದರೆ ಆ ಅಂಕಿಯಿಂದ ಏನೂ ತಿಳಿಯುವುದಿಲ್ಲ.

ಲಾಕಪ್ ಗುರುತಿಸುವುದು ಕಷ್ಟವಲ್ಲ. ಒಂದೇ ಗೇರಿನಲ್ಲಿ, ಒಂದೇ ವೇಗದಲ್ಲಿ ಆಕ್ಸಿಲರೇಟರನ್ನು ಮೆಲ್ಲಗೆ ಇನ್ನಷ್ಟು ಒತ್ತಿ. ಲಾಕ್ ಆಗಿದ್ದರೆ ಆರ್‌ಪಿಎಂ ಮತ್ತು ಗಾಡಿಯ ವೇಗ ಜೊತೆಯಾಗೇ ಏರುತ್ತವೆ. ಆಗಿಲ್ಲದಿದ್ದರೆ ಆರ್‌ಪಿಎಂ ಮುಂದೆ ನೆಗೆದು, ವೇಗ ಹಿಂದಿನಿಂದ ಬರುತ್ತದೆ. ಸ್ಕ್ಯಾನರ್ ಇದ್ದರೆ ಇಂಜಿನ್ ವೇಗ ಮತ್ತು ಕನ್ವರ್ಟರಿನ ಆಚೆ ಬದಿಯ ಟರ್ಬೈನ್ ವೇಗ ಎರಡನ್ನೂ ನೋಡಿ. ಎರಡೂ ಒಂದೇ ಇದ್ದರೆ ಲಾಕ್.

ಅದೇ ಏರು, ಅದೇ ಭಾರ

ಗೆಳೆಯ 277ರ ಫೋಟೊ ತೋರಿಸಿದ್ದಕ್ಕೆ ಒಂದು ವರ್ಕ್‌ಶಾಪಿನವರು ಕನ್ವರ್ಟರ್ ಹೋಗಿದೆ, ಗೇರ್‌ಬಾಕ್ಸ್ ಬಿಚ್ಚಲೇಬೇಕು ಎಂದಿದ್ದರು. "ಹತ್ತು ದಿನ ತಡಿ, ಮೊದಲು ಅಳೆಯೋಣ" ಎಂದೆ. ಒಂದು ಶನಿವಾರ ಅದೇ ಟ್ರೇಲರ್ ಕಟ್ಟಿಕೊಂಡು ಸಿಲ್ವರ್‌ಥಾರ್ನ್‌ಗೆ ಹೋದೆವು. ಅವನು ಓಡಿಸಿದ, ನಾನು ಪಕ್ಕದ ಸೀಟಿನಲ್ಲಿ ಕೂತು ಬರೆದುಕೊಂಡೆ. ಬರೆಯುವ ಕೆಲಸ ಡ್ರೈವರ್‌ದಲ್ಲ. ಒಬ್ಬರೇ ಇದ್ದರೆ ರೀಡರಿನಲ್ಲಿ ರೆಕಾರ್ಡ್ ಹಾಕಿಬಿಡಿ.

ಹೊರಡುವ ಮುನ್ನ ಎಣ್ಣೆ ನೋಡಿದೆವು. ಸಮತಟ್ಟು ಜಾಗ, ಇಂಜಿನ್ ಐಡಲ್, ಸಂಪ್ 160ರಿಂದ 200ರ ನಡುವೆ, ಗೇರುಗಳನ್ನೆಲ್ಲ ಒಮ್ಮೆ ಮುಟ್ಟಿಸಿ ನ್ಯೂಟ್ರಲ್‌ಗೆ ತಂದು ಡಿಪ್‌ಸ್ಟಿಕ್ ಎಳೆಯುವುದು. ಮಟ್ಟ ಸರಿಯಿತ್ತು. ಕಡಿಮೆಯಾದರೆ ಪಂಪ್ ಗಾಳಿ ಹೀರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೆಚ್ಚಾದರೂ ಕೆಡುಕೇ, ತಿರುಗುವ ಭಾಗಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ, ನೊರೆ ಬಿಸಿಯನ್ನು ಹೊತ್ತೊಯ್ಯುವುದಿಲ್ಲ. ಸುಟ್ಟ ವಾಸನೆ ಇರಲಿಲ್ಲ. ಹೊರಗಿನ ತಿರುಪು ಫಿಲ್ಟರ್ ಬಿಚ್ಚಿ ಅದರ ಆಯಸ್ಕಾಂತ ನೋಡಿದೆವು, ವಿಭೂತಿಯಂಥ ನುಣ್ಣನೆ ಬೂದು ಪುಡಿ ಮಾತ್ರ. ಚೂರು ಚೂರು ಲೋಹ ಇದ್ದಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲುತ್ತಿತ್ತು. ಎಣ್ಣೆ ಗುಲಾಬಿ ಹಾಲಿನಂತೆ ಕಂಡರೆ ಕೂಲರ್ ಒಳಗೇ ಒಡೆದು ಕೂಲಂಟ್ ಸೇರಿದೆ. ಆಗ ಗಾಡಿಯನ್ನು ಒಂದು ಹೆಜ್ಜೆಯೂ ಓಡಿಸಬೇಡಿ, ಕೂಲಂಟಿನಲ್ಲಿರುವ ಗ್ಲೈಕಾಲ್ ಕ್ಲಚ್ ಪ್ಲೇಟಿನ ಮೇಲ್ಮೈಯನ್ನು ಕಿತ್ತುಹಾಕುತ್ತದೆ.

ಇನ್ನೊಂದು ಕೆಲಸ ಮಾಡಿದೆ, ಇಡೀ ಹುಡುಕಾಟ ತಿರುಗಿದ್ದು ಅದರಿಂದಲೇ. ರೇಡಿಯೇಟರಿನ ಕೆಳಗಿನ ಹೋಸ್ ಮೇಲೆ ಬಿಸಿ ಅಳೆಯುವ ಒಂದು ಥರ್ಮೋಕಪಲ್ ತಂತಿಯನ್ನು ಟೇಪಿನಿಂದ ಬಿಗಿದು, ಮೇಲೆ ಫೋಮ್ ಸುತ್ತಿ, ತಂತಿಯನ್ನು ಫ್ಯಾನಿಗೂ ಬೆಲ್ಟಿಗೂ ದೂರವಾಗಿ ಕಟ್ಟಿ ಕ್ಯಾಬಿನ್ನಿಗೆ ತಂದೆ. ಕಾರಣ ಹೇಳುತ್ತೇನೆ. ಡ್ಯಾಶ್‌ನಲ್ಲಿ ಕಾಣುವ ಕೂಲಂಟ್ ಬಿಸಿ ಇಂಜಿನ್ನಿನಿಂದ ಹೊರಬರುವ ನೀರಿನದು. ಅದನ್ನು ಥರ್ಮೋಸ್ಟಾಟ್ ಹದದಲ್ಲಿ ಇಟ್ಟಿರುತ್ತದೆ. ರೇಡಿಯೇಟರ್ ಸೋಲುತ್ತ ಬಂದಂತೆ ಥರ್ಮೋಸ್ಟಾಟ್ ಇನ್ನಷ್ಟು ತೆರೆದು, ಹೆಚ್ಚು ನೀರು ಹರಿಸಿ ಸರಿದೂಗಿಸುತ್ತದೆ. ಡ್ಯಾಶ್ ಮುಳ್ಳು ಅಲುಗುವುದೇ ಇಲ್ಲ. ಆದರೆ ರೇಡಿಯೇಟರಿನಿಂದ ಹೊರಬರುವ ನೀರು ಮೊದಲಿನಷ್ಟು ತಣ್ಣಗಿರುವುದಿಲ್ಲ. ಗೇರ್‌ಬಾಕ್ಸಿನ ಕೂಲರ್ ಕೂತಿರುವುದು ರೇಡಿಯೇಟರಿನ ಅದೇ ತಣ್ಣೀರಿನ ಟ್ಯಾಂಕಿನಲ್ಲಿ. ಇಂಜಿನ್ ಸುಖವಾಗಿರುವಾಗಲೇ ಗೇರ್‌ಬಾಕ್ಸ್ ಬೇಯುತ್ತದೆ. ಇಂಜಿನ್ ಮೀಟರ್ ಸರಿಯಿದೆ, ಹಾಗಾಗಿ ರೇಡಿಯೇಟರ್ ಸರಿಯಿದೆ ಎಂದು ತೀರ್ಮಾನಿಸುವವರು ಎಡವುವುದು ಇಲ್ಲೇ. ನಾನೂ ಮೊದಲ ವರ್ಷಗಳಲ್ಲಿ ಹಾಗೇ ತೀರ್ಮಾನಿಸುತ್ತಿದ್ದೆ.

ಆ ದಿನದ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಹೊರಗೆ 82 ಡಿಗ್ರಿ. ಏರಿನ ಬುಡದಲ್ಲಿ ಸಂಪ್ 186, ಕೂಲಂಟ್ 194, ಕೆಳಗಿನ ಹೋಸ್ 158. ನಾಲ್ಕು ಮೈಲಿಗೆ ಸಂಪ್ 214. ನಾಲ್ಕನೇ ಗೇರ್, ಲಾಕಪ್ ಆಗಿತ್ತು, ಅಲ್ಲಿಂದ ಮೇಲಿನವರೆಗೂ ಬಿಡಲಿಲ್ಲ. ಸುರಂಗದ ಬಾಯಿಗೆ ಬರುವಾಗ ಸಂಪ್ 232, ಪೈಪ್ 245, ಕೂಲಂಟ್ 203, ಕೆಳಗಿನ ಹೋಸ್ 196.

ಓದುವುದು ಹೀಗೆ. ಲಾಕಪ್ ಇದೆ, ಪೈಪಿಗೂ ಸಂಪಿಗೂ 13 ಡಿಗ್ರಿ ಮಾತ್ರ ವ್ಯತ್ಯಾಸ. ಅಂದರೆ ಕನ್ವರ್ಟರಿನಲ್ಲಿ ದೊಡ್ಡ ಬಿಸಿ ಹುಟ್ಟುತ್ತಿಲ್ಲ. ಕನ್ವರ್ಟರ್ ಜಾರುತ್ತಿದ್ದರೆ ಪೈಪ್ ಸಂಪನ್ನು ಬಹಳ ಹಿಂದೆ ಹಾಕಿ ಓಡುತ್ತಿತ್ತು, ಲಾಕಪ್ ಸರಿಯಾಗಿ ಹಿಡಿಯುತ್ತಿಲ್ಲ ಎನ್ನುವ ಪಿ0741 ಕೋಡೂ ಬಂದಿರುತ್ತಿತ್ತು. ಆದರೂ ಸಂಪ್ ನಿಲ್ಲದೆ ಏರುತ್ತಿದೆ. ಕೂಲಂಟ್ ಏರಿದ್ದು 9 ಡಿಗ್ರಿ, ಕೆಳಗಿನ ಹೋಸ್ ಏರಿದ್ದು 38. ತಣ್ಣೀರಿನ ಟ್ಯಾಂಕಿನಲ್ಲಿ ತಣ್ಣೀರೇ ಉಳಿದಿಲ್ಲ. ಗೇರ್‌ಬಾಕ್ಸ್ ತಪ್ಪು ಮಾಡಿಲ್ಲ, ತಪ್ಪಿನ ಫಲ ಉಣ್ಣುತ್ತಿದೆ.

ಬೇರೆ ಟ್ರಕ್‌ಗಳಲ್ಲಿ ಬೇರೆ ಚಿತ್ರ ಸಿಗುತ್ತದೆ. ಟ್ರಾಫಿಕ್‌ನಲ್ಲಿ ನಿಂತಾಗ ಏರಿ, ಓಡಿದಾಗ ಇಳಿದರೆ ರೇಡಿಯೇಟರ್ ಫ್ಯಾನನ್ನು ಇಂಜಿನ್ನಿಗೆ ಜೋಡಿಸುವ ಫ್ಯಾನ್ ಕ್ಲಚ್ ಹಿಡಿಯುತ್ತಿಲ್ಲ. ಹಿಡಿದ ಫ್ಯಾನಿನ ಮೊರೆತ ಕ್ಯಾಬಿನ್ನಿಗೇ ಕೇಳಬೇಕು. ಕೆಳಗಿನ ಹೋಸ್ ತಂಪಾಗಿದ್ದೂ ಸಂಪ್ ಮಾತ್ರ ಏರಿದರೆ ಕೂಲರಿನ ಎರಡೂ ಪೈಪುಗಳನ್ನು ಹೋಲಿಸಿ. ಒಳಹೋಗುವುದು ಬಹಳ ಬಿಸಿ, ಹೊರಬರುವುದು ಬಹಳ ತಂಪು ಎಂದಾದರೆ ಎಣ್ಣೆ ಸಾಕಷ್ಟು ಹರಿಯುತ್ತಿಲ್ಲ, ಹೋಸ್ ಮಡಿಸಿಕೊಂಡಿದೆಯೋ ಒಳಪದರ ಕಿತ್ತು ಅಡ್ಡ ನಿಂತಿದೆಯೋ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಬಿಸಿಯಾದರೆ ಕೂಲರ್ ಒಳಗೆ ಕೊಳೆ ಕಟ್ಟಿದೆ. ಇಳಿಜಾರಿನಲ್ಲಿ ಇಂಜಿನ್ ಹೊಗೆ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಹಾಕಿದಾಗ ಏರಿದರೆ ಆಗ ಲಾಕಪ್ ಬಿಟ್ಟುಹೋಗುತ್ತಿದೆಯೇ ಎಂದು ಗಮನಿಸಿ. ಯಾವುದೂ ಅಲ್ಲದೆ ಎಲ್ಲ ಕಡೆ ಬಿಸಿ ಎಂದಾದರೆ ವೇಬ್ರಿಜ್‌ಗೆ ಹೋಗಿ. ಚಾಸಿಗೆ ಇರುವಂತೆ ಗೇರ್‌ಬಾಕ್ಸಿಗೂ ಟ್ರೇಲರ್ ಸೇರಿದ ಒಟ್ಟು ತೂಕದ ಮಿತಿ ಇರುತ್ತದೆ, ಅದು ಟ್ರಕ್ಕಿನ ಬಾಗಿಲ ಚೀಟಿಯಲ್ಲಿ ಇರುವುದಿಲ್ಲ.

ಕೊಳೆ ಸಿಕ್ಕ ಜಾಗ

ಮುಂದಿನ ಜಾಲರಿಯಿಂದ ನೋಡಿದರೆ ಎಲ್ಲ ಚೊಕ್ಕಟ. ಗೆಳೆಯ ವಾರಕ್ಕೊಮ್ಮೆ ನೀರು ಹೊಡೆಯುತ್ತಿದ್ದ. ಆದರೆ ಈ ಟ್ರಕ್ಕಿನಲ್ಲಿ ಒಂದರ ಹಿಂದೆ ಒಂದು ಮೂರು ಜಾಲರಿಗಳಿವೆ: ಎದುರಿಗೆ ಎಸಿಯದು, ಅದರ ಹಿಂದೆ ಟರ್ಬೊ ಗಾಳಿ ತಣಿಸುವುದು, ಕೊನೆಗೆ ರೇಡಿಯೇಟರ್. ಟಾರ್ಚನ್ನು ಇಂಜಿನ್ ಬದಿಯಿಂದ ಹಿಡಿದು ಮುಂದೆ ನಿಂತು ನೋಡಿದೆ, ಬೆಳಕು ದಾಟಲಿಲ್ಲ. ಮೇಲಿನ ಕ್ಲಾಂಪುಗಳನ್ನು ಸಡಿಲಿಸಿ ಟರ್ಬೊ ಗಾಳಿಯ ಕೂಲರನ್ನು ನಾಲ್ಕು ಬೆರಳು ಮುಂದಕ್ಕೆ ಸರಿಸಿದಾಗ ರೇಡಿಯೇಟರಿನ ಮುಖ ಕಂಡಿತು. ಕಾಟನ್‌ವುಡ್ ಮರದ ಹತ್ತಿ, ಕೆಲಸದ ಜಾಗದ ಮಣ್ಣು, ಇಂಜಿನ್ ಉಸಿರಿನ ಪೈಪಿನಿಂದ ಬಂದ ಎಣ್ಣೆ ಹಬೆ ಮೂರೂ ಕಲೆತು ಸಗಣಿ ಸಾರಿಸಿದಂತೆ ಒಣಗಿ ಅಂಟಿತ್ತು. ರೇಡಿಯೇಟರಿನ ಅಂಚಿನ ರಬ್ಬರ್ ಪಟ್ಟಿಗಳೂ ಎರಡು ಕಡೆ ಬಿದ್ದುಹೋಗಿದ್ದವು. ಗಾಳಿಗೆ ಸುಲಭದ ದಾರಿ ಸಿಕ್ಕರೆ ಅದು ಜಾಲರಿಯೊಳಗೆ ನುಗ್ಗುವ ಶ್ರಮ ಪಡುವುದಿಲ್ಲ, ಪಕ್ಕದಿಂದ ಜಾರಿಹೋಗುತ್ತದೆ. ಮೇಲಾಗಿ 11,000 ಅಡಿಯಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು 70 ಪ್ರತಿಶತ ಮಾತ್ರ. ಕೆಳಗಿನ ಬಯಲಿನಲ್ಲಿ ಹೇಗೋ ನಡೆದುಹೋಗುವ ಕೊಳೆ ಇಲ್ಲಿ ನಡೆಯುವುದಿಲ್ಲ.

ತೊಳೆಯುವಾಗ ಜಿಡ್ಡು ಬಿಡಿಸುವ ದ್ರಾವಣ ಸಿಂಪಡಿಸಿ ಕಾಲು ಗಂಟೆ ನೆನೆಯಲು ಬಿಟ್ಟು, ತೋಟದ ಪೈಪಿನ ನೀರನ್ನು ಇಂಜಿನ್ ಬದಿಯಿಂದ ಮುಂದಕ್ಕೆ ಹರಿಸಬೇಕು. ಮುಂದಿನಿಂದ ಹೊಡೆದರೆ ಕೊಳೆ ಇನ್ನಷ್ಟು ಒಳಗೆ ಕೂರುತ್ತದೆ. ಗೆಳೆಯನ ವಾರದ ತೊಳೆತ ಮಾಡಿದ್ದು ಅದನ್ನೇ, ಪಾಪ, ಒಳ್ಳೆಯ ಮನಸ್ಸಿನಿಂದ. ಪ್ರೆಷರ್ ವಾಷರನ್ನು ಹತ್ತಿರ ಹಿಡಿದರೆ ರೆಕ್ಕೆಗಳು ಮಡಿಸಿಕೊಂಡು ಹೊಸ ಗೋಡೆಯೇ ಎದ್ದುಬಿಡುತ್ತದೆ. ನಮಗೆ ಐದು ಸಲ ನೆನೆಸಿ ತೊಳೆಯಬೇಕಾಯಿತು. ಹೊರಬಂದ ನೀರು ಮೊದಲು ಕಪ್ಪು, ಆಮೇಲೆ ಕಂದು, ಕೊನೆಗೆ ತಿಳಿ.

ಇದಕ್ಕೆ ಮೊದಲು ಅವನು ಗೇರ್‌ಬಾಕ್ಸ್ ಎಣ್ಣೆಯನ್ನು ಗಾಳಿಯಿಂದ ತಣಿಸುವ ಇನ್ನೊಂದು ಕೂಲರ್ ಹಾಕಿಸುವ ಯೋಚನೆಯಲ್ಲಿದ್ದ. ಆ ಜಾಲರಿ ಕೂರುತ್ತಿದ್ದುದು ಉಸಿರುಗಟ್ಟಿದ ಇದೇ ಸಾಲಿನ ಮುಂದೆ. ಗಾಳಿಗೆ ಇನ್ನೊಂದು ಅಡ್ಡಿಯಾಗಿ, ಬಿಸಿ ಗಾಳಿಯನ್ನು ರೇಡಿಯೇಟರಿಗೆ ಊದುತ್ತಿತ್ತು. ಹೆಚ್ಚುವರಿ ಕೂಲರ್ ಕೆಟ್ಟದ್ದಲ್ಲ, ಇರುವುದು ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಅಳೆದ ಮೇಲೆ ಹಾಕಿಸಿ.

ಎಣ್ಣೆಯನ್ನೂ ಬದಲಿಸಿದೆವು. ಹತ್ತು ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದರೆ ಎಣ್ಣೆಯ ಆಯಸ್ಸು ಅರ್ಧವಾಗುತ್ತದೆ ಎಂಬುದು ಈ ಕಸುಬಿನ ಸ್ಥೂಲ ಲೆಕ್ಕ. ಎಷ್ಟು ತಿಂಗಳು ಹೀಗೆ ಬೆಂದಿತ್ತೋ ಲೆಕ್ಕವಿಲ್ಲ. ಆಲಿಸನ್ ಒಪ್ಪಿಗೆಯಿರುವ ಸಿಂಥೆಟಿಕ್ ಎಣ್ಣೆ, ಡಬ್ಬಿಯ ಮೇಲೆ ಆಲಿಸನ್ ಗುಣಮಟ್ಟದ ಗುರುತು ಟಿಇಎಸ್ 668 ಅಥವಾ ಟಿಇಎಸ್ 295 ಎಂದು ಇರುವುದನ್ನು ನೋಡಿ ಹಾಕಿ.

ಎರಡು ವಾರದ ನಂತರ ಅದೇ ಟ್ರೇಲರ್, ಅದೇ ಭಾರ, ಹೊರಗೆ 84 ಡಿಗ್ರಿ. ಸುರಂಗದ ಬಾಯಲ್ಲಿ ಸಂಪ್ 209, ಕೆಳಗಿನ ಹೋಸ್ 171. ಕೂಲಂಟ್ 196, ಹಿಂದಿನದಕ್ಕಿಂತ 7 ಡಿಗ್ರಿ ಮಾತ್ರ ಕಡಿಮೆ. ಮೀಟರಿನ ಅರ್ಥ್ ವೈರನ್ನು ಬೇರೆ ಬೋಲ್ಟಿಗೆ, ಬಣ್ಣ ಕೆರೆದು ಕಟ್ಟಿದೆವು, ದೀಪ ಹಾಕಿದರೆ ಮುಳ್ಳು ಅಲುಗುತ್ತಿಲ್ಲ. ಮೀಟರಿನ ಕೆಳಗೆ ಬಿಳಿ ಟೇಪಿನ ಮೇಲೆ ಕನ್ನಡದಲ್ಲೇ ಬರೆದು ಅಂಟಿಸಿದ್ದೇವೆ: "ಕೂಲರ್‌ಗೆ ಹೋಗುವ ಪೈಪ್. ಮಿತಿ 300." ಪಕ್ಕದ ಪರದೆಗೆ: "ಸಂಪ್. ಮಿತಿ 250."

ಕಳೆದ ತಿಂಗಳು ಅದೇ ಏರಿನ ಮೇಲಿನಿಂದ ಮತ್ತೆ ಫೋನ್ ಬಂತು.

"ಅಣ್ಣಾ, ಮುಂದೆ ಆಕ್ಸಿಡೆಂಟ್ ಆಗಿ ಟ್ರಾಫಿಕ್ ತೆವಳ್ತಾ ಇತ್ತು. ಲಾಕಪ್ ಬಿಟ್ಟು ಎರಡನೇ ಗೇರಲ್ಲಿ ಬಂದೆ. ಪೈಪ್ 261, ಸಂಪ್ 212, ಹೊರಗೆ 79. ಈಗ ಬದಿಗೆ ನಿಂತು ನ್ಯೂಟ್ರಲ್‌ನಲ್ಲಿ 1,200 ಹಿಡಿದಿದ್ದೀನಿ, ಪೈಪ್ ಇಳೀತಾ ಇದೆ."

"ಎಷ್ಟಕ್ಕೆ ಬಂತು?"

"214. ಹೊರಡ್ಲಾ?"

"ಹೊರಡು."